ಔಷಧಿಯಿಂದಲೇ ಅಪಾಯವಾದಾಗ: ರೋಗಿಗೆ ಕಾನೂನು ತೆರೆದಿಟ್ಟಿರುವ ದಾರಿಗಳು



ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ ಫಲ ಕೊಡದೆ ಹೋದರೆ ನಾವು ಕೂಡಲೇ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇವೆ. ತಂದ ಮೈಲುತುತ್ತವೇ ಕಳಪೆಯಾಗಿತ್ತೇ? ಸುಣ್ಣದ ಪ್ರಮಾಣ ತಪ್ಪಿತೇ? ಹೊಡೆದವನು ಗೊನೆಗೆ ತಾಗುವಂತೆ ಹೊಡೆಯಲಿಲ್ಲವೇ? ಅಥವಾ ಇದೆಲ್ಲವೂ ಸರಿಯಿದ್ದು ಮಳೆಯೇ ಮಿತಿಮೀರಿ ಬಂದಿತೇ? ಉತ್ತರ ಯಾವುದೋ ಅದರಂತೆ ಅಂಗಡಿಯವರನ್ನು ಕೇಳಬೇಕೋ, ಕೆಲಸದವರನ್ನು ಕೇಳಬೇಕೋ, ಆಕಾಶ ನೋಡಿ ಸುಮ್ಮನಾಗಬೇಕೋ ಎಂಬುದು ತೀರ್ಮಾನವಾಗುತ್ತದೆ.

ಆದರೆ ಡಾಕ್ಟರರು ಬರೆದುಕೊಟ್ಟ ಔಷಧಿಯಿಂದ ಮನೆಯವರಿಗೇ ಹಾನಿಯಾದಾಗ ನಾವು ಈ ರೀತಿ ಯೋಚಿಸುವುದಿಲ್ಲ. ಕೆಲವರು ಹಣೆಬರಹವೆಂದು ಕೈಚೆಲ್ಲಿ ಕೂರುತ್ತಾರೆ. ಇನ್ನು ಕೆಲವರು ಆಸ್ಪತ್ರೆಯ ಬಾಗಿಲಲ್ಲಿ ಗಲಾಟೆ ಮಾಡಿ ಬರುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ತಪ್ಪು ಎಲ್ಲಿ ನಡೆಯಿತೆಂಬುದನ್ನು ಮೊದಲು ಗುರುತಿಸಿದರೆ, ಯಾರ ಬಳಿ ಯಾವ ಪರಿಹಾರ ಕೇಳಬಹುದೆಂಬುದು ಕಾನೂನಿನಲ್ಲಿ ಸಾಕಷ್ಟು ಸ್ಪಷ್ಟವಾಗಿಯೇ ಇದೆ. ಈ ಲೇಖನದ ಉದ್ದೇಶ ಅದನ್ನು ಸದಸ್ಯರಿಗೆ ತಿಳಿಯಹೇಳುವುದು.

ಹಾನಿಯ ಮೂಲ ಯಾವುದು?

ಔಷಧಿಯಿಂದಾಗುವ ಹಾನಿಯನ್ನು ಐದು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ತಯಾರಿಕೆಯಲ್ಲಿನ ದೋಷ. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ಪು ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡುದನ್ನು ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವ ಶೇಕಡಾ 48.6ರಷ್ಟು ಇದ್ದಿತೆಂದು ಸರಕಾರಿ ಪ್ರಯೋಗಶಾಲೆ ವರದಿ ಮಾಡಿತು. ಇರಬಹುದಾದ ಮಿತಿ ಶೇಕಡಾ 0.1 ಮಾತ್ರ. ಸಿರಪ್ಪಿಗೆ ಬಳಸುವ ದ್ರಾವಕವನ್ನು ಪರೀಕ್ಷಿಸದೆ, ಕಾರ್ಖಾನೆ ದರ್ಜೆಯ ಅಗ್ಗದ ಮಾಲನ್ನು ಸುರಿದಾಗ ಇಂತಹ ಅನಾಹುತ ಆಗುತ್ತದೆ. ಇದು ಹೊಸದೇನಲ್ಲ. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಇದೇ ವಿಷ ಸೇರಿದ್ದ ಗ್ಲಿಸರಿನ್ನಿನಿಂದ ಹದಿನಾಲ್ಕು ಮಂದಿ ಸತ್ತಿದ್ದರು.

ಎರಡನೆಯದು, ಔಷಧಿ ಸರಿಯಾಗಿಯೇ ತಯಾರಾಗಿದ್ದರೂ ಅದರ ಗುಣದಲ್ಲೇ ಅಪಾಯವಿದ್ದು, ಅದನ್ನು ತಕ್ಕಷ್ಟು ತಿಳಿಸದಿರುವುದು. ಸಂಧಿನೋವಿಗೆ ಅಮೆರಿಕದಲ್ಲಿ 1999ರಿಂದ ಮಾರಾಟವಾಗುತ್ತಿದ್ದ ವಯಾಕ್ಸ್ ಎಂಬ ಮಾತ್ರೆಯನ್ನು 2004ರ ಸೆಪ್ಟೆಂಬರ್ 30ರಂದು ಮರ್ಕ್ ಕಂಪೆನಿ ಹಿಂದಕ್ಕೆ ಪಡೆಯಿತು. ಬಹುಕಾಲ ಸೇವಿಸಿದವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಸಂಭವ ಹೆಚ್ಚಾಗುವುದು ಪರೀಕ್ಷೆಯಿಂದ ಖಚಿತವಾಗಿತ್ತು. ಅಪಾಯದ ಸೂಚನೆ ಮೊದಲೇ ಇದ್ದರೂ ಕಂಪೆನಿ ಸರಿಯಾಗಿ ಎಚ್ಚರಿಸಲಿಲ್ಲವೆಂದು ಸಾವಿರಾರು ರೋಗಿಗಳು ದಾವೆ ಹೂಡಿದರು. 2007ರಲ್ಲಿ ಕಂಪೆನಿ 485 ಕೋಟಿ ಡಾಲರ್ ಕೊಟ್ಟು ರಾಜಿಗೆ ಒಪ್ಪಿತು. ನಮ್ಮ ದೇಶದಲ್ಲಿಯೂ ಅದೇ ಮೂಲವಸ್ತುವಿನ ಮಾತ್ರೆಗಳು ಬೇರೆ ಹೆಸರುಗಳಲ್ಲಿ ಮಾರಾಟವಾಗುತ್ತಿದ್ದವು. 2004ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಅದನ್ನು ನಿಷೇಧಿಸಿತು.

ಮೂರನೆಯದು, ಔಷಧಿ ಬರೆದುಕೊಡುವಲ್ಲಿನ ತಪ್ಪು. ಪ್ರಮಾಣ ಹೆಚ್ಚಾಗಿರಬಹುದು, ಅಂತರ ಕಡಿಮೆಯಾಗಿರಬಹುದು, ರೋಗಿಗೆ ಒಗ್ಗದ ಔಷಧಿಯನ್ನು ವಿಚಾರಿಸದೆ ಬರೆದಿರಬಹುದು. ಇದಕ್ಕೆ ದೊಡ್ಡ ಉದಾಹರಣೆ ಅನುರಾಧಾ ಸಾಹಾ ಅವರ ಪ್ರಕರಣ. ಅಮೆರಿಕದಿಂದ ಕೊಲ್ಕತ್ತಾಕ್ಕೆ ಬಂದಿದ್ದ ಆಕೆಗೆ 1998ರಲ್ಲಿ ಚರ್ಮದ ವ್ಯಾಧಿ ಕಾಣಿಸಿಕೊಂಡಿತು. ನಿಧಾನವಾಗಿ ಕೆಲಸ ಮಾಡುವ, ವಾರ ಎರಡು ವಾರಗಳ ಅಂತರದಲ್ಲಿ ಕೊಡಬೇಕಾದ ಸ್ಟೀರಾಯ್ಡ್ ಇಂಜೆಕ್ಷನ್ನನ್ನು ದಿನಕ್ಕೆ ಎರಡು ಸಲದಂತೆ ಬರೆಯಲಾಯಿತು. ಅದೇ ವರ್ಷ ಮೇ 28ರಂದು ಆಕೆ ತೀರಿಕೊಂಡರು. ಗಂಡ ಹದಿನೈದು ವರ್ಷ ಹೋರಾಡಿದರು. 2013ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸುಮಾರು ರೂ. 5.96 ಕೋಟಿ ಪರಿಹಾರವನ್ನು ಬಡ್ಡಿ ಸಹಿತ ಕೊಡಬೇಕೆಂದು ತೀರ್ಪಿತ್ತಿತು. ಈ ವ್ಯಾಜ್ಯ ನಡೆದದ್ದು ಗ್ರಾಹಕರ ಕಾನೂನಿನ ಅಡಿಯಲ್ಲಿ ಎಂಬುದನ್ನು ಗಮನಿಸಬೇಕು.

ನಾಲ್ಕನೆಯದು, ಔಷಧಿ ಅಂಗಡಿಯ ತಪ್ಪು. ಚೀಟಿಯಲ್ಲಿದ್ದ ಹೆಸರಿಗೆ ಬದಲು ಅದರಂತೆ ಕೇಳಿಸುವ ಇನ್ನೊಂದನ್ನು ಕೊಡುವುದು, ಅವಧಿ ಮೀರಿದ್ದನ್ನು ಕೊಡುವುದು, ಚೀಟಿಯೇ ಇಲ್ಲದೆ ಕೊಡುವುದು ಇವೆಲ್ಲ ಇದರಲ್ಲಿ ಸೇರುತ್ತವೆ.

ಐದನೆಯದು, ಯಾರ ತಪ್ಪೂ ಇಲ್ಲದೆ ಆಗುವ ಹಾನಿ. ಒಳ್ಳೆಯ ಔಷಧಿ, ಸರಿಯಾದ ಪ್ರಮಾಣ, ತಕ್ಕ ಎಚ್ಚರಿಕೆ ಎಲ್ಲವೂ ಇದ್ದು, ಸಾವಿರಾರು ಜನರಲ್ಲಿ ಒಬ್ಬರ ದೇಹಕ್ಕೆ ಅದು ಒಗ್ಗದೆ ಹೋಗಬಹುದು. ಇದನ್ನು ಮಳೆ ಹೆಚ್ಚಾದ ವರ್ಷದ ಕೊಳೆರೋಗಕ್ಕೆ ಹೋಲಿಸಬಹುದು. ಈ ಬಗೆಯ ಹಾನಿಗೆ ನ್ಯಾಯಾಲಯದಲ್ಲಿ ಪರಿಹಾರ ದೊರೆಯುವುದು ಬಹಳ ಕಷ್ಟ. ಅಡ್ಡಪರಿಣಾಮ ಆಯಿತೆಂದ ಮಾತ್ರಕ್ಕೆ ಡಾಕ್ಟರರು ತಪ್ಪಿತಸ್ಥರಾಗುವುದಿಲ್ಲ. ಅದೇ ವಿದ್ಯೆಯ ಸಾಧಾರಣ ಅನುಭವವುಳ್ಳ ಇನ್ನೊಬ್ಬ ಡಾಕ್ಟರರು ತೆಗೆದುಕೊಳ್ಳುತ್ತಿದ್ದ ಎಚ್ಚರಿಕೆಯನ್ನು ಇವರು ತೆಗೆದುಕೊಂಡರೇ ಎಂಬುದೇ ನ್ಯಾಯಾಲಯ ನೋಡುವ ಅಳತೆ.

ಗ್ರಾಹಕರ ಆಯೋಗ

ಹಣದ ಪರಿಹಾರ ಬೇಕಾದವರಿಗೆ ಹೆಚ್ಚು ಅನುಕೂಲವಾದ ದಾರಿ ಇದು. 1986ರ ಗ್ರಾಹಕರ ರಕ್ಷಣಾ ಕಾನೂನಿನ ಸ್ಥಾನದಲ್ಲಿ 2019ರ ಹೊಸ ಕಾನೂನು ಬಂದಿದ್ದು, 2020ರ ಜುಲೈಯಿಂದ ಜಾರಿಯಲ್ಲಿದೆ. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ತೀರ್ಮಾನಿಸಿದೆ. ಹೊಸ ಕಾನೂನಿಗೂ ಅದು ಅನ್ವಯಿಸುತ್ತದೆಂಬುದು 2022ರಲ್ಲಿ ಖಚಿತವಾಯಿತು.

ಹೊಸ ಕಾನೂನಿನಲ್ಲಿ ‘ಉತ್ಪನ್ನ ಹೊಣೆಗಾರಿಕೆ’ ಎಂಬ ಪ್ರತ್ಯೇಕ ಅಧ್ಯಾಯವೇ ಇದೆ. ಅದರ 84ನೆಯ ಕಲಮಿನ ಪ್ರಕಾರ ತಯಾರಿಕೆಯ ದೋಷ, ರಚನೆಯ ದೋಷ, ನಿಗದಿಯಾದ ಪ್ರಮಾಣಗಳಿಂದ ತಪ್ಪಿದುದು, ಕೊಟ್ಟ ಭರವಸೆಗೆ ವಿರುದ್ಧವಾದುದು, ತಕ್ಕ ಬಳಕೆಯ ಸೂಚನೆಯಾಗಲಿ ಎಚ್ಚರಿಕೆಯಾಗಲಿ ಇಲ್ಲದಿರುವುದು, ಇವುಗಳಲ್ಲಿ ಯಾವುದಿದ್ದರೂ ತಯಾರಕರು ಹೊಣೆಗಾರರು. 86ನೆಯ ಕಲಮು ಮಾರಾಟಗಾರರ ಹೊಣೆಯನ್ನು ಹೇಳುತ್ತದೆ. ತಯಾರಕರು ಯಾರೆಂದು ತಿಳಿಯದಿದ್ದರೆ, ಅಥವಾ ತಯಾರಕರು ಕೊಟ್ಟ ಎಚ್ಚರಿಕೆಯನ್ನು ಅಂಗಡಿಯವರು ಗಿರಾಕಿಗೆ ದಾಟಿಸದಿದ್ದರೆ, ಅವರನ್ನು ಕೇಳಬಹುದು.

ಇಲ್ಲಿ ಒಂದು ಮುಖ್ಯ ಅಪವಾದವನ್ನು ತಿಳಿದಿರಬೇಕು. ಪರಿಣತರ ಮೂಲಕವೇ ಬಳಕೆಯಾಗಬೇಕಾದ ವಸ್ತುವಿನ ಬಗ್ಗೆ ತಯಾರಕರು ಆ ಪರಿಣತರಿಗೆ ಎಚ್ಚರಿಕೆ ಮುಟ್ಟಿಸಲು ಯುಕ್ತ ಕ್ರಮ ಕೈಗೊಂಡಿದ್ದರೆ, ಎಚ್ಚರಿಸಲಿಲ್ಲವೆಂಬ ಕಾರಣಕ್ಕೆ ಅವರನ್ನು ಹೊಣೆ ಮಾಡಲು ಬರುವುದಿಲ್ಲವೆಂದು 87ನೆಯ ಕಲಮು ಹೇಳುತ್ತದೆ. ಚೀಟಿಯ ಔಷಧಿಗಳೆಲ್ಲ ಇಂತಹವೇ. ಆದುದರಿಂದ ‘ನನಗೆ ಯಾರೂ ಹೇಳಲಿಲ್ಲ’ ಎಂಬ ದೂರಿನಲ್ಲಿ ಕಂಪೆನಿಯವರು ಡಾಕ್ಟರರತ್ತ ಬೆರಳು ತೋರಿಸುತ್ತಾರೆ, ಡಾಕ್ಟರರು ಕಂಪೆನಿಯತ್ತ ತೋರಿಸುತ್ತಾರೆ. ತಪ್ಪಿನ ಮೂಲ ಖಚಿತವಾಗಿ ತಿಳಿಯದಿದ್ದಾಗ ಕಂಪೆನಿ, ಅಂಗಡಿ, ಡಾಕ್ಟರು ಮೂವರನ್ನೂ ಎದುರುದಾರರನ್ನಾಗಿ ಸೇರಿಸುವುದು ಈ ಕಾರಣಕ್ಕಾಗಿಯೇ.

ದೂರು ಕೊಡುವ ಕ್ರಮ ಹೀಗಿದೆ:

1. ರೋಗಿ ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕಂಪೆನಿ ಹಿಮಾಚಲ ಪ್ರದೇಶದಲ್ಲಿದ್ದರೂ ನಾವು ಅಲ್ಲಿಗೆ ಹೋಗಬೇಕಾಗಿಲ್ಲ. ಚಿಕ್ಕಮಗಳೂರು, ಮಡಿಕೇರಿ, ಹಾಸನ, ಶಿವಮೊಗ್ಗದವರು ಅಲ್ಲಲ್ಲಿಯೇ ಕೊಡಬಹುದು.

2. ನಾವು ಕೊಟ್ಟ ಹಣ, ಎಂದರೆ ಔಷಧಿಯ ಅಥವಾ ಚಿಕಿತ್ಸೆಯ ಬೆಲೆ, ರೂ. 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. ಕೇಳುವ ಪರಿಹಾರದ ಮೊತ್ತದಿಂದ ಇದು ನಿರ್ಧಾರವಾಗುವುದಿಲ್ಲ. ಕೊಟ್ಟ ಹಣ ರೂ. 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.

3. ದೂರಿನ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ತಕ್ಕ ಕಾರಣ ತೋರಿಸಿದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಆಯೋಗಕ್ಕಿದೆ. ಆದರೆ ಅದನ್ನು ನಂಬಿ ಕೂರಬಾರದು.

4. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವಿಲ್ಲ. ಆದರೆ ಔಷಧಿಯ ವ್ಯಾಜ್ಯಗಳಲ್ಲಿ ಇನ್ನೊಬ್ಬ ಪರಿಣತ ಡಾಕ್ಟರರ ಲಿಖಿತ ಅಭಿಪ್ರಾಯ ಬಹಳ ಬೆಲೆಯುಳ್ಳದ್ದು.

5. ಹಣ ಕೊಟ್ಟವರು ಮಾತ್ರವೇ ಗ್ರಾಹಕರಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸಿದವರೂ ಗ್ರಾಹಕರೇ. ಮಗ ಕೊಂಡುತಂದ ಮಾತ್ರೆಯಿಂದ ತಾಯಿಗೆ ಹಾನಿಯಾದರೆ ತಾಯಿಯೇ ದೂರು ಕೊಡಬಹುದು. ರೋಗಿ ತೀರಿಕೊಂಡಿದ್ದರೆ ವಾರಸುದಾರರು ಕೊಡಬಹುದು.

ಔಷಧ ಕಾನೂನು

ಔಷಧಿಯೇ ಕಳಪೆಯೆಂಬ ಸಂಶಯವಿದ್ದರೆ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾನೂನು ನಮ್ಮ ಸಹಾಯಕ್ಕೆ ಬರುತ್ತದೆ. ಅದರ 26ನೆಯ ಕಲಮನ್ನು ಸದಸ್ಯರು ವಿಶೇಷವಾಗಿ ನೆನಪಿಡಬೇಕು. ಯಾವ ವ್ಯಕ್ತಿಯಾದರೂ ತಾನು ಕೊಂಡ ಔಷಧಿಯನ್ನು ನಿಗದಿಯಾದ ಶುಲ್ಕ ಕಟ್ಟಿ ಸರಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿಯುಳ್ಳ ವರದಿ ಪಡೆಯುವ ಹಕ್ಕು ಅದರಲ್ಲಿದೆ. ನಾವು ತೋಟದ ಮಣ್ಣನ್ನು ಪರೀಕ್ಷೆಗೆ ಕಳುಹಿಸುವಂತೆ ಇದೂ ಒಂದು. ಇಷ್ಟು ಉಪಯುಕ್ತವಾದ ಹಕ್ಕನ್ನು ಬಳಸುವವರು ಮಾತ್ರ ವಿರಳ.

ಇದರೊಡನೆ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತ ದೂರು ಕೊಡಬೇಕು. ಅವರು ಅಂಗಡಿಯಲ್ಲಿ ಉಳಿದಿರುವ ಅದೇ ಬ್ಯಾಚಿನ ಮಾಲನ್ನು ಕ್ರಮಪ್ರಕಾರ ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸಬಲ್ಲರು. ನಮ್ಮ ಕೈಯಲ್ಲಿರುವ ತೆರೆದ ಬಾಟಲಿಗಿಂತ ಅಂತಹ ಮಾದರಿಗೆ ನ್ಯಾಯಾಲಯದಲ್ಲಿ ಹೆಚ್ಚು ಬೆಲೆ. ದೂರು ತಡವಾದರೆ ಆ ಬ್ಯಾಚು ಮಾರಿ ಮುಗಿದಿರುತ್ತದೆ.

ಕಲಬೆರಕೆ ಅಥವಾ ನಕಲಿ ಔಷಧಿಯಿಂದ ಸಾವು ಅಥವಾ ತೀವ್ರ ಹಾನಿ ಆಗಿದ್ದರೆ, 27ನೆಯ ಕಲಮಿನಂತೆ ತಪ್ಪಿತಸ್ಥರಿಗೆ ಕನಿಷ್ಠ ಹತ್ತು ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸವಿದೆ. ಕನಿಷ್ಠ ರೂ. 10 ಲಕ್ಷ ದಂಡವೂ ಇದೆ. 2008ರ ತಿದ್ದುಪಡಿಯ ನಂತರ ವಸೂಲಾದ ಆ ದಂಡವನ್ನು ಹಾನಿಗೊಳಗಾದವರಿಗೆ, ಅವರಿಲ್ಲದಿದ್ದರೆ ಅವರ ಸಂಬಂಧಿಕರಿಗೆ ಪರಿಹಾರವಾಗಿ ಕೊಡಬೇಕಾಗುತ್ತದೆ. ಅಧಿಕಾರಿಗಳು ಮೊಕದ್ದಮೆ ಹೂಡದಿದ್ದರೆ ನೊಂದ ವ್ಯಕ್ತಿಯೇ ಹೂಡಲು 32ನೆಯ ಕಲಮಿನಲ್ಲಿ ಅವಕಾಶವಿದೆ.

ಸರಕಾರಿ ಆಸ್ಪತ್ರೆಯಲ್ಲಿ ಆದರೆ

ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯ ಸೇವೆ ಗ್ರಾಹಕ ಕಾನೂನಿಗೆ ಬರುವುದಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಆಸ್ಪತ್ರೆಯಾದರೆ ಉಚಿತ ರೋಗಿಗೂ ಹಕ್ಕಿದೆಯೆಂದು 1995ರ ತೀರ್ಪಿನಲ್ಲಿ ಹೇಳಿದೆ. ಪೂರ್ಣ ಉಚಿತವಾದಲ್ಲಿ ಸಿವಿಲ್ ದಾವೆ, ಹೈಕೋರ್ಟಿನಲ್ಲಿ ರಿಟ್ ಅರ್ಜಿ, ಮಾನವ ಹಕ್ಕುಗಳ ಆಯೋಗ ಎಂಬ ಮೂರು ದಾರಿಗಳಿವೆ.

ಮೂರನೆಯ ದಾರಿ ಹೆಸರಿಗೆ ಮಾತ್ರ ಇರುವಂಥದ್ದಲ್ಲ. ಜಮ್ಮುವಿನ ಉಧಂಪುರ ಜಿಲ್ಲೆಯ ರಾಮನಗರದಲ್ಲಿ 2019ರ ಕೊನೆ ಮತ್ತು 2020ರ ಆರಂಭದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ಪಿನಿಂದ ಹನ್ನೆರಡು ಮಕ್ಕಳು ಸತ್ತರು. ಔಷಧಗಳ ಮೇಲ್ವಿಚಾರಣೆಯಲ್ಲಿ ಇಲಾಖೆ ತಪ್ಪಿತೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಪ್ರತಿ ಕುಟುಂಬಕ್ಕೆ ರೂ. 3 ಲಕ್ಷ ಕೊಡಬೇಕೆಂದಿತು. ಅಲ್ಲಿನ ಆಡಳಿತ ಅದನ್ನು ಸುಪ್ರೀಂ ಕೋರ್ಟಿನವರೆಗೆ ಪ್ರಶ್ನಿಸಿ ಸೋತಿತು. ನಮ್ಮ ರಾಜ್ಯದಲ್ಲಿಯೂ 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಶಸ್ತ್ರಚಿಕಿತ್ಸೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ರಕ್ತನಾಳಕ್ಕೆ ಏರಿಸಿದ ದ್ರಾವಣದ ಮೇಲೆ ಸಂಶಯ ಬಂದು, ರಾಜ್ಯ ಸರಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿ ಕುಟುಂಬಗಳಿಗೆ ಪರಿಹಾರ ಘೋಷಿಸಿತು. ಉಚಿತ ಔಷಧಿಯೆಂದು ಸುಮ್ಮನಿರಬೇಕಾಗಿಲ್ಲ ಎಂಬುದು ಇವುಗಳಿಂದ ತಿಳಿಯುತ್ತದೆ.

ಡಾಕ್ಟರರ ವಿರುದ್ಧ ದೂರು

ಡಾಕ್ಟರರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಪರಿಷತ್ತು ಎಚ್ಚರಿಕೆ ಕೊಡಬಲ್ಲದು, ಹೆಸರನ್ನು ನೋಂದಣಿಯಿಂದ ತೆಗೆಯಬಲ್ಲದು, ಆದರೆ ರೋಗಿಗೆ ಹಣ ಕೊಡಿಸಲಾರದು. ಇನ್ನು ಪೊಲೀಸು ಮೊಕದ್ದಮೆ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಡಾಕ್ಟರರಿಗೆ ಎರಡು ವರ್ಷದವರೆಗೆ ಶಿಕ್ಷೆಯಾಗಬಹುದು. ಆದರೆ 2005ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಇದಕ್ಕೆ ಅತ್ಯಂತ ತೀವ್ರವಾದ ನಿರ್ಲಕ್ಷ್ಯವೇ ಆಗಿರಬೇಕು, ಸ್ವತಂತ್ರ ಡಾಕ್ಟರರ ಅಭಿಪ್ರಾಯವನ್ನು ಮೊದಲು ಪಡೆಯಬೇಕು. ಸಿಟ್ಟಿನಲ್ಲಿ ಠಾಣೆಗೆ ಓಡುವುದಕ್ಕಿಂತ ಗ್ರಾಹಕ ಆಯೋಗಕ್ಕೆ ತಯಾರಿ ಮಾಡಿಕೊಂಡು ಹೋಗುವುದು ಬಹುತೇಕ ಪ್ರಕರಣಗಳಲ್ಲಿ ಮೇಲು. ನಮ್ಮ ಹೋಬಳಿಗಳಿಗೆ ಡಾಕ್ಟರರು ಬರುವುದೇ ಕಷ್ಟವಾಗಿರುವಾಗ, ತಪ್ಪಿಲ್ಲದವರ ಮೇಲೆ ಕೈಯೆತ್ತುವುದು ಊರಿಗೇ ನಷ್ಟ.

ಜೋಪಾನ ಮಾಡಬೇಕಾದ ವಸ್ತುಗಳು

ಮೇಲೆ ಹೇಳಿದ ಹಕ್ಕುಗಳೆಲ್ಲವೂ ರುಜುವಾತಿನ ಮೇಲೆ ನಿಂತಿವೆ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಮಂಡಿನೋವಿಗೆಂದು ಪೇಟೆಯ ಅಂಗಡಿಯೊಂದರಿಂದ ಬಿಡಿ ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ನುಂಗಿದರು. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸಿಗೆ ಜಿಲ್ಲಾ ಕೇಂದ್ರಕ್ಕೆ ಹೋಗಿಬರುತ್ತಾರೆ. ಅವರ ಮಗ ಸಂಘದ ಕಛೇರಿಗೆ ಬಂದು, ಏನಾದರೂ ಮಾಡಬಹುದೇ ಎಂದು ವಿಚಾರಿಸಿದರು. ಚೀಟಿ ಇರಲಿಲ್ಲ, ಬಿಲ್ಲು ಇರಲಿಲ್ಲ, ಮಾತ್ರೆಯ ಹೆಸರೂ ಗೊತ್ತಿರಲಿಲ್ಲ. ಬಿಳಿ ಮಾತ್ರೆ, ದುಂಡಗಿತ್ತು ಎಂಬುದಷ್ಟೇ ಉಳಿದಿತ್ತು. ಯಾವ ಕಾನೂನೂ ಅಷ್ಟರ ಮೇಲೆ ನಡೆಯಲಾರದು.

ಆದುದರಿಂದ ಪ್ರತಿ ಮನೆಯಲ್ಲಿಯೂ ಈ ಕ್ರಮ ಪಾಲಿಸಬೇಕೆಂದು ಕೋರುತ್ತೇನೆ:

1. ಔಷಧಿಗೆ ಬಿಲ್ಲು ಕೇಳಿ ಪಡೆಯಿರಿ. ಅದರಲ್ಲಿ ಔಷಧಿಯ ಹೆಸರು, ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಇರಬೇಕು.

2. ಸ್ಟ್ರಿಪ್ಪನ್ನು ಕತ್ತರಿಸಿ ಕೊಡುವಾಗ ಬ್ಯಾಚ್ ನಂಬರಿರುವ ತುದಿ ನಮಗೆ ಬಂದಿದೆಯೇ ನೋಡಿ. ಬಿಡಿ ಮಾತ್ರೆಯನ್ನು ಪೊಟ್ಟಣದಲ್ಲಿ ತೆಗೆದುಕೊಳ್ಳಬೇಡಿ.

3. ಚೀಟಿಯನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಚೀಟಿ, ಬಿಲ್ಲು, ಪರೀಕ್ಷಾ ವರದಿಗಳನ್ನು ಒಂದೇ ಫೈಲಿನಲ್ಲಿಡಿ.

4. ಹಾನಿಯ ಲಕ್ಷಣ ಕಂಡಾಗ ಉಳಿದ ಮಾತ್ರೆ, ಬಾಟಲಿ, ಪೆಟ್ಟಿಗೆ, ಒಳಗಿನ ಸೂಚನಾ ಕಾಗದ ಯಾವುದನ್ನೂ ಎಸೆಯಬೇಡಿ. ಮುಚ್ಚಳ ಬಿಗಿದು ಬೇರೆಯಾಗಿಡಿ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಕೊಟ್ಟಿರಿ, ಏನಾಯಿತು ಎಂಬುದನ್ನು ಅಂದೇ ಬರೆದಿಡಿ.

5. ಆಸ್ಪತ್ರೆಯ ದಾಖಲೆಗಳ ಪ್ರತಿಗೆ ಲಿಖಿತ ಅರ್ಜಿ ಕೊಡಿ. ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂಬುದು 2002ರ ವೈದ್ಯಕೀಯ ನಡತೆಯ ನಿಯಮ.

6. ಅಡ್ಡಪರಿಣಾಮವನ್ನು ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಿ. ಇದರಿಂದ ಪರಿಹಾರ ಸಿಗುವುದಿಲ್ಲ. ಆದರೆ ಇಂತಹ ವರದಿಗಳು ಕೂಡಿಬಂದಾಗಲೇ ಅಪಾಯಕರ ಔಷಧಿ ಬಯಲಿಗೆ ಬರುವುದು.

ರಕ್ತದೊತ್ತಡ, ಮೂರ್ಛೆರೋಗ, ಸಕ್ಕರೆ ಕಾಯಿಲೆಗಳ ಔಷಧಿಯನ್ನು ಸಂಶಯ ಬಂದಿತೆಂದು ತಾವಾಗಿಯೇ ನಿಲ್ಲಿಸಬಾರದು. ಅದರಿಂದಲೂ ಪ್ರಾಣಾಪಾಯವುಂಟು. ಮೊದಲು ಡಾಕ್ಟರರಿಗೆ ತೋರಿಸಿ. ತೋಟದ ಲೈನುಗಳಲ್ಲಿರುವ ಕೆಲಸಗಾರರಿಗೆ ಬರೆಹ ಬಾರದಿದ್ದರೆ ಅವರ ಚೀಟಿ, ಬಿಲ್ಲುಗಳನ್ನು ತೆಗೆದಿಡಿಸುವ ಜವಾಬ್ದಾರಿ ನಮ್ಮದೆಂದು ತಿಳಿಯೋಣ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ದೊರೆಯುತ್ತದೆ.

ಇನ್ನೂ ಆಗಬೇಕಾದುದು

ಯಾರ ತಪ್ಪೂ ಇಲ್ಲದೆ ಹಾನಿಗೊಳಗಾದ ಐದನೆಯ ಬಗೆಯ ರೋಗಿಗೆ ನಮ್ಮ ಕಾನೂನಿನಲ್ಲಿ ಆಸರೆಯಿಲ್ಲ. ಹೊಸ ಔಷಧಿಯ ಪ್ರಯೋಗಕ್ಕೆ ಒಪ್ಪಿ ಒಳಗಾದವರಿಗೆ 2019ರ ನಿಯಮಗಳಲ್ಲಿ ಪರಿಹಾರವಿದೆ, ಅಂಗಡಿಯಿಂದ ಕೊಂಡು ನುಂಗಿದವರಿಗೆ ಇಲ್ಲ. ಜಪಾನಿನಲ್ಲಿ ಹೊಟ್ಟೆಯ ತೊಂದರೆಗೆ ಕೊಡುತ್ತಿದ್ದ ಕ್ಲಿಯೋಕ್ವಿನಾಲ್ ಎಂಬ ಔಷಧಿಯಿಂದ ಹತ್ತು ಸಾವಿರಕ್ಕೂ ಹೆಚ್ಚು ಜನ ನರಗಳ ಶಕ್ತಿ ಕಳೆದುಕೊಂಡಿದ್ದರು. ವರ್ಷಗಟ್ಟಲೆ ನಡೆದ ವ್ಯಾಜ್ಯಗಳ ಅನುಭವದಿಂದ ಆ ದೇಶ 1980ರಲ್ಲಿ ಒಂದು ಪರಿಹಾರ ನಿಧಿಯನ್ನೇ ಆರಂಭಿಸಿತು. ಔಷಧಿ ಕಂಪೆನಿಗಳು ಅದಕ್ಕೆ ವಂತಿಗೆ ಕೊಡುತ್ತವೆ. ಸರಿಯಾಗಿ ಬಳಸಿದ ಔಷಧಿಯಿಂದ ತೀವ್ರ ಹಾನಿಯಾದವರಿಗೆ, ತಪ್ಪು ಯಾರದೆಂದು ರುಜುವಾತು ಕೇಳದೆ ನೆರವು ಸಿಗುತ್ತದೆ. ನಮ್ಮ ಹವಾಮಾನ ಆಧಾರಿತ ಬೆಳೆ ವಿಮೆಯೂ ಮಳೆಮಾಪಕದ ಲೆಕ್ಕ ನೋಡುತ್ತದೆಯೇ ಹೊರತು ತಪ್ಪು ಯಾರದೆಂದು ಕೇಳುವುದಿಲ್ಲ. ಅಡಿಕೆಯ ಗೊನೆಗೆ ಇರುವ ಈ ಅನುಕೂಲ ಮನುಷ್ಯರ ಮೂತ್ರಪಿಂಡಕ್ಕೂ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ. ನಮ್ಮ ಪ್ರತಿನಿಧಿಗಳನ್ನು ಕಂಡಾಗ ಬೆಲೆ, ಆಮದು, ಸಾಲಗಳ ಮಾತಿನ ಜೊತೆಗೆ ಇದನ್ನೂ ಪ್ರಸ್ತಾಪಿಸೋಣ.

ಅಲ್ಲಿಯವರೆಗೆ, ಗೊಬ್ಬರದ ಚೀಲದ ಬಿಲ್ಲನ್ನು ಜೋಪಾನ ಮಾಡುವ ನಾವು ಮಾತ್ರೆಯ ಬಿಲ್ಲನ್ನೂ ಅಷ್ಟೇ ಜೋಪಾನ ಮಾಡೋಣ.

— ಕಾರ್ಯದರ್ಶಿ